ಏಳು ತಿಂಗಳಾದರೂ ಹೊಸಬರೇ: ಮಹಿಳಾ ಸಮಾಜದಲ್ಲಿ ಒಂಟಿಯಾದವರ ಪ್ರಕರಣ

(ಗುರುತು ಸಿಗದಂತೆ ಹೆಸರು, ವಯಸ್ಸು, ಕುಟುಂಬದ ವಿವರಗಳನ್ನು ಬದಲಾಯಿಸಲಾಗಿದೆ.)

ಇವರನ್ನು ಶಾರದಾ ಎಂದು ಕರೆಯೋಣ. ವಯಸ್ಸು 46. ಹುಟ್ಟಿ ಬೆಳೆದದ್ದು, ಸಂಸಾರ ಹೂಡಿದ್ದು ಧಾರವಾಡದಲ್ಲಿ. ಗಂಡನಿಗೆ ವರ್ಗವಾಗಿ ಬೆಂಗಳೂರಿಗೆ ಬಂದರು. ಮಗ ಹೊರರಾಜ್ಯದಲ್ಲಿ ಓದುತ್ತಿದ್ದಾನೆ. ಮನೆಯ ಹತ್ತಿರದ ಮಹಿಳಾ ಸಮಾಜಕ್ಕೆ ಸದಸ್ಯೆಯಾಗಿ ಏಳು ತಿಂಗಳಾಗಿತ್ತು. ತಿಂಗಳಿಗೆ ಎರಡು ಸಭೆ: ಒಂದರಲ್ಲಿ ಭಾವಗೀತೆ ಕಲಿಕೆ, ಇನ್ನೊಂದರಲ್ಲಿ ಕಾದಂಬರಿ ಚರ್ಚೆ. ಒಂದೊಂದೂ ಎರಡು ಗಂಟೆ.

ಆಪ್ತಸಲಹೆ ಕೇಳಲು ನಮ್ಮ ಬಳಿ ಬಂದದ್ದು ಒಂದು ಫೋಟೊದಿಂದಾಗಿ. ಸಮಾಜದ ಎಂಟು ಮಂದಿ ರಂಗಶಂಕರದಲ್ಲಿ ನಾಟಕ ನೋಡಿ, ಮೆಟ್ಟಿಲ ಮೇಲೆ ಕೂತು ತೆಗೆಸಿಕೊಂಡ ಫೋಟೊ ಒಬ್ಬರ ಸ್ಟೇಟಸ್‌ನಲ್ಲಿ ಬಂತು. ಆ ಎಂಟು ಮಂದಿಗೆ ಬೇರೆಯದೇ ವಾಟ್ಸಾಪ್ ಗುಂಪಿದೆ ಎಂದು ಆವತ್ತೇ ಗೊತ್ತಾಯಿತು. ಶಾರದಾ ಆಮೇಲಿನ ಎರಡು ಸಭೆಗೆ ಹೋಗಲಿಲ್ಲ.

“ನಾ ಮಾತಾಡಿದ್ರ ನಗ್ತಾರ್ರೀ ಮೇಡಂ. ಹಂಗಂತ ಯಾರೂ ಕೆಟ್ಟವರಲ್ಲ. ಆದ್ರ ಏಳು ತಿಂಗಳಾತು, ನನ್ನ ಹೆಸರು ಹಿಡದು ಕರಿಯಾವ್ರು ಇಬ್ಬರ ಅದಾರ. ಉಳದವರಿಗೆ ನಾ ಇನ್ನೂ ‘ಧಾರವಾಡದವರು’.”

ಮೊದಲು ನೋಡಬೇಕಾದದ್ದು ಇದು ಖಿನ್ನತೆಯೋ ಅಲ್ಲವೋ ಎಂಬುದನ್ನು. ನಿದ್ದೆ, ಹಸಿವು, ಮನೆಗೆಲಸದಲ್ಲಿ ಆಸಕ್ತಿ ಕೇಳಿದ್ದಾಯಿತು. ಖಿನ್ನತೆ ಎಷ್ಟಿದೆ ಎಂದು ಅಳೆಯುವ, ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಪಟ್ಟಿಯನ್ನೂ ತುಂಬಿಸಲಾಯಿತು. 27ಕ್ಕೆ 7 ಬಂತು. 10 ಅಥವಾ ಅದಕ್ಕಿಂತ ಹೆಚ್ಚು ಬಂದಿದ್ದರೆ, ಅಥವಾ ಬದುಕುವುದೇ ಬೇಡ ಎಂಬ ಯೋಚನೆ ಇದ್ದಿದ್ದರೆ, ಸಂಘದ ಮಾತು ಬದಿಗಿಟ್ಟು ಮನೋವೈದ್ಯರ ಬಳಿಗೆ ಕಳಿಸಬೇಕಿತ್ತು. ಇಂಥ ಯೋಚನೆ ಇರುವವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಶಾರದಾ ಅವರನ್ನು ಹೆಚ್ಚು ಕಾಡುತ್ತಿದ್ದದ್ದು ನೋವಿಗಿಂತ ನಾಚಿಕೆ. “ಇಷ್ಟ ಸಣ್ಣದಕ್ಕ ಅಳೂದಾ?” ಎಂದು ತಮ್ಮನ್ನೇ ಹಳಿದುಕೊಳ್ಳುತ್ತಿದ್ದರು. ಇದು ಸಣ್ಣದಲ್ಲ. ಮನಶ್ಶಾಸ್ತ್ರಜ್ಞ ಕಿಪ್ಲಿಂಗ್ ವಿಲಿಯಮ್ಸ್ ಒಂದು ಪ್ರಯೋಗ ರೂಪಿಸಿದ್ದಾರೆ: ಕಂಪ್ಯೂಟರ್ ಪರದೆಯ ಮೇಲೆ ಮೂವರು ಚೆಂಡು ಎಸೆದಾಡುತ್ತಾರೆ, ಸ್ವಲ್ಪ ಹೊತ್ತಿಗೆ ಇಬ್ಬರು ಮೂರನೆಯವರಿಗೆ ಎಸೆಯುವುದನ್ನೇ ನಿಲ್ಲಿಸುತ್ತಾರೆ. ಕೆಲವೇ ನಿಮಿಷದ ಆಟ, ಗುರುತಿಲ್ಲದ ಜನ. ಆದರೂ ಆಡಿದವರ ಮನಸ್ಸು ಮುದುಡುತ್ತದೆ. ಎದುರಿಗಿರುವುದು ಮನುಷ್ಯರಲ್ಲ, ಕಂಪ್ಯೂಟರ್ ಎಂದು ಮೊದಲೇ ಹೇಳಿದ್ದಾಗಲೂ 2004ರ ಅಧ್ಯಯನದಲ್ಲಿ ಹಾಗೇ ಆಯಿತು. ಇದನ್ನು ವಿವರಿಸಿದ ಮೇಲೆ ಶಾರದಾ ಕಣ್ಣೊರೆಸಿಕೊಂಡು ನೆಟ್ಟಗೆ ಕೂತರು. ಸಲಹೆ ಕೊಡುವ ಮೊದಲು ನೋವಿಗೆ ಅದರ ತೂಕ ಕೊಡಬೇಕು. ಆ ಹಂತ ಹಾರಿಸಿದರೆ ಮುಂದಿನದ್ಯಾವುದೂ ಕಿವಿಗೆ ಬೀಳುವುದಿಲ್ಲ.

ಎರಡನೆಯದು ಲೆಕ್ಕ. ಕನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್, ಊರು ಬದಲಿಸಿದವರನ್ನೂ ಹೊಸದಾಗಿ ಕಾಲೇಜು ಸೇರಿದವರನ್ನೂ ಅಧ್ಯಯನ ಮಾಡಿದರು. ಪರಿಚಯ ಮೇಲುಮೇಲಿನ ಗೆಳೆತನವಾಗಲು ಸುಮಾರು 50 ಗಂಟೆ ಜೊತೆಗಿರಬೇಕು, ಗೆಳೆತನ ಎನ್ನಿಸಿಕೊಳ್ಳಲು 90, ಆಪ್ತ ಗೆಳೆತನಕ್ಕೆ 200ಕ್ಕೂ ಹೆಚ್ಚು ಎಂದು ಅವರು ಅಂದಾಜಿಸಿದ್ದಾರೆ. ಅಮೆರಿಕದ ಲೆಕ್ಕ ಇದು, ನಮಗೆ ಹಾಗೇ ಅನ್ವಯಿಸಬೇಕಿಲ್ಲ. ಆದರೂ ಶಾರದಾ ಅವರ ಲೆಕ್ಕ ಹಾಕಿದೆವು. ಏಳು ತಿಂಗಳಿಗೆ 14 ಸಭೆ, ಹೋಗದ ಎರಡನ್ನು ಬಿಟ್ಟರೆ 12, ಅಂದರೆ 24 ಗಂಟೆ. ಅದರಲ್ಲಿ ಮುಕ್ಕಾಲು ಪಾಲು ಹಾಡುವುದು ಅಥವಾ ಭಾಷಣ ಕೇಳುವುದು. ಒಬ್ಬರೊಡನೆ ಮುಖಾಮುಖಿ ಮಾತಾಡಿದ್ದು ಎಲ್ಲ ಸೇರಿ ಮೂರು ಗಂಟೆಯೂ ಇಲ್ಲ. ಫೋಟೊದಲ್ಲಿದ್ದ ಎಂಟು ಮಂದಿಯಲ್ಲಿ ಹೆಚ್ಚಿನವರು ಹತ್ತು ವರ್ಷದಿಂದ ಜೊತೆಗಿದ್ದಾರೆ. ಸಿನಿಮಾದಲ್ಲಿ ಹೊಸಬರು ಒಂದೇ ಹಾಡಿನೊಳಗೆ ಗುಂಪಿನವರಾಗಿಬಿಡುತ್ತಾರೆ. ಆ ನಾಲ್ಕು ನಿಮಿಷದಲ್ಲಿ ಎಷ್ಟು ತಿಂಗಳು ಕಳೆಯಿತು ಎಂಬುದು ನಮಗೆ ಕಾಣುವುದಿಲ್ಲ. ಕಾದಂಬರಿಯಲ್ಲೂ ‘ದಿನಕಳೆದಂತೆ’ ಎಂಬ ಒಂದೇ ಮಾತಿನಲ್ಲಿ ಅದು ಮುಗಿಯುತ್ತದೆ. ಶಾರದಾ ಕೇಳಿಕೊಳ್ಳುತ್ತಿದ್ದ ‘ಅವರಿಗೆ ನಾನು ಬೇಡವಾ?’ ಎಂಬ ಪ್ರಶ್ನೆ, ಈ ಲೆಕ್ಕದ ನಂತರ ‘ಗಂಟೆಗಳನ್ನು ಎಲ್ಲಿಂದ ತರುವುದು?’ ಎಂದಾಯಿತು.

ಗಂಟೆ ಸಿಗುವುದು ಸಭೆಯ ಅಂಚಿನಲ್ಲಿ. ಶಾರದಾ ಸರಿಯಾಗಿ ನಾಲ್ಕಕ್ಕೆ ಬಂದು, ಆರಾಗುತ್ತಲೇ ಚಪ್ಪಲಿ ಮೆಟ್ಟಿ ಹೊರಡುತ್ತಿದ್ದರು. ಕುರ್ಚಿ ಜೋಡಿಸುವುದು, ಹಾರ್ಮೋನಿಯಂ ಪೆಟ್ಟಿಗೆಗೆ ಹಾಕುವುದು, ಉಳಿದ ಚಹಾ ಹಂಚಿಕೊಂಡು ಲೋಟ ತೊಳೆಯುವುದು, ಅತ್ತೆ-ಸೊಸೆ-ಮೊಣಕಾಲು ನೋವಿನ ಮಾತು, ಎಲ್ಲವೂ ಆರರಿಂದ ಆರೂವರೆಯವರೆಗೆ. ನಾಟಕದ ಟಿಕೆಟ್ಟಿನ ಮಾತೂ ಅಲ್ಲೇ ಹುಟ್ಟಿದ್ದು.

ಹಾಗಾಗಿ ಕೊಟ್ಟ ಸಲಹೆಗಳಿವು. ಸಭೆಗೆ 15 ನಿಮಿಷ ಮೊದಲು ಬನ್ನಿ, ಮುಗಿದ ಮೇಲೆ ಅರ್ಧ ಗಂಟೆ ಇರಿ. ಇಡೀ ಗುಂಪನ್ನು ಗೆಲ್ಲಲು ಹೋಗಬೇಡಿ, ಇಬ್ಬರನ್ನು ಆರಿಸಿಕೊಳ್ಳಿ. ಅಧ್ಯಕ್ಷೆ, ಕಾರ್ಯದರ್ಶಿ ಬೇಡ. ಅವರ ಸುತ್ತ ಸದಾ ಜನ. ಒಂದೆರಡು ವರ್ಷದ ಹಿಂದೆ ಸೇರಿದವರು, ಸಾಲಿನ ಕೊನೆಗೆ ಕೂರುವವರು, ನಿಮ್ಮ ದಾರಿಯಲ್ಲೇ ಮನೆಗೆ ಹೋಗುವವರು ಯಾರೆಂದು ನೋಡಿ. ಹೆಸರು ಹಿಡಿದು ಕರೆಯುವ ಆ ಇಬ್ಬರಿಂದಲೇ ಶುರುಮಾಡಿ.

ಮುಖ್ಯವಾದದ್ದು, ಒಂದು ಕೆಲಸ ಕೇಳಿ ತೆಗೆದುಕೊಳ್ಳಿ. ಅದು ಸಣ್ಣದಿರಬೇಕು, ಪ್ರತಿ ಸಭೆಯಲ್ಲೂ ಇರಬೇಕು, ಇನ್ನೊಬ್ಬರ ಜೊತೆ ಸೇರಿ ಮಾಡುವಂಥದ್ದಾಗಿರಬೇಕು. ಹಾಜರಿ ಪುಸ್ತಕ, ಪುಸ್ತಕ ಎರವಲಿನ ವಹಿ, ಹಾಡಿನ ಜೆರಾಕ್ಸ್ ಹಂಚುವುದು, ಇವೆಲ್ಲ ಆಗುತ್ತವೆ. ಹಾಜರಿ ಪುಸ್ತಕ ಹಿಡಿದವರು ಎಲ್ಲರ ಹೆಸರನ್ನೂ ಬಾಯಲ್ಲಿ ಹೇಳಲೇಬೇಕು, ಎಲ್ಲರೂ ಅವರ ಬಳಿ ಬರಲೇಬೇಕು. ಮನೆಯಲ್ಲಿ ಒಬ್ಬರೇ ಕೂತು ಮಾಡುವ ಕೆಲಸದಿಂದ ಒಂದು ಗಂಟೆಯೂ ಸೇರುವುದಿಲ್ಲ.

ಇಲ್ಲೇ ಹೆಚ್ಚಿನವರು ಎಡವುವುದು. ಶಾರದಾ ಕೂಡ ಹಾಜರಿ ಪುಸ್ತಕ ಕೇಳಲು ಸಂಕೋಚಪಟ್ಟು, ಮುಂದಿನ ಸಭೆಗೆ ಮನೆಯಲ್ಲೇ 40 ಮಂದಿಗಾಗುವಷ್ಟು ಗಿರಮಿಟ್ ಮಾಡಿ ಒಯ್ದರು. ಎಲ್ಲರೂ ಹೊಗಳಿದರು. ಅದರ ಮುಂದಿನ ಸಭೆಯ ಹಿಂದಿನ ದಿನ ಇಡೀ ಸಮಾಜದ ವಾಟ್ಸಾಪ್ ಗುಂಪಿನಲ್ಲಿ ಸಂದೇಶ ಬಂತು: “ಈ ಸಲ ಧಾರವಾಡದವರು ಏನು ತರುತ್ತಾರೆ?” ಬೆಳಗ್ಗೆಯಿಂದ ಒಲೆ ಮುಂದೆ ನಿಂತು ದಣಿದ ಮನುಷ್ಯ, ಸಭೆಯಲ್ಲಿ ಬಡಿಸುವುದರಲ್ಲೇ ಇದ್ದು ಯಾರೊಡನೆಯೂ ಮಾತಾಡದೆ ಹಿಂದಿರುಗುತ್ತಾರೆ. ಕೊಟ್ಟು ಕೊಟ್ಟು ಜಾಗ ಸಂಪಾದಿಸಲು ಹೊರಟವರಿಗೆ ಕೊಡುವುದನ್ನು ನಿಲ್ಲಿಸಿದ ದಿನ ಜಾಗವೂ ಹೋದೀತೆಂಬ ಭಯ ಶುರುವಾಗುತ್ತದೆ. ಆಗ ಸಲಹೆ ತಿದ್ದಿದೆವು: ತಿಂಡಿ ವರ್ಷಕ್ಕೆ ಎರಡು ಸಲ ಸಾಕು, ಅದೂ ಸಮಾಜದ ಅಡುಗೆಕೋಣೆಯಲ್ಲಿ, ಇನ್ನಿಬ್ಬರನ್ನು ಈರುಳ್ಳಿ ಹೆಚ್ಚಲು ಕೂರಿಸಿಕೊಂಡು.

ಮಾತಿನ ವಿಷಯ. ಧಾರವಾಡದ ಕನ್ನಡವನ್ನು ಬೆಂಗಳೂರಿನ ಕನ್ನಡ ಮಾಡಿಕೊಳ್ಳಿ ಎಂದು ಯಾರಿಗೂ ಹೇಳಬಾರದು, ಹೇಳಲಿಲ್ಲ. ನಗುವವರೆಲ್ಲ ಒಂದೇ ಅಲ್ಲ. ನಕ್ಕ ಮೇಲೆ “ಹಾಗಂದರೇನು?” ಎಂದು ಕೇಳಿ ಮಾತು ಮುಂದುವರಿಸಿದರೆ ಅದು ಕುತೂಹಲ. ನಕ್ಕು ಪಕ್ಕದವರ ಕಡೆ ತಿರುಗಿದರೆ, ಹೇಳಿದ್ದನ್ನು ಅಣಕಿಸಿ ಪುನಃ ಆಡಿದರೆ, ಅದು ಹಂಗಿಸುವುದು. ಹಾಗೆ ಮಾಡುವವರಿಗೆ ಸಭೆಯಲ್ಲಲ್ಲ, ಒಬ್ಬರೇ ಸಿಕ್ಕಾಗ ಒಂದು ಸಲ ನೇರವಾಗಿ ಹೇಳುವ ಅಭ್ಯಾಸ ಮಾಡಿಸಲಾಯಿತು: “ನಮ್ಮ ಕಡೆ ಹಿಂಗ ಮಾತಾಡ್ತೀವ್ರಿ. ನೀವು ನಕ್ಕರ ನನಗ ಮುಂದ ಮಾತಾಡಾಕ ಆಗೂದಿಲ್ಲ.” ದೂರಿಲ್ಲ, ಕ್ಷಮೆಯಿಲ್ಲ, ಎರಡೇ ವಾಕ್ಯ. ಕನ್ನಡಿ ಮುಂದೆ ಅಭ್ಯಾಸ ಮಾಡಿದರೆ ಸಾಲದು, ಎದುರಿಗೆ ಒಬ್ಬರನ್ನು ಕೂರಿಸಿಕೊಂಡೇ ಮಾಡಬೇಕು. ಇಲ್ಲದಿದ್ದರೆ ಹೇಳುವ ಹೊತ್ತಿಗೆ ಗಂಟಲು ಕಟ್ಟುತ್ತದೆ.

ಎಂಟು ಮಂದಿಯ ವಾಟ್ಸಾಪ್ ಗುಂಪಿಗೆ ಸೇರಿಸಿ ಎಂದು ಕೇಳುವುದು ಬೇಡ. ಯಾವ ಸಂಘದಲ್ಲೂ ಹಳೆಯ ಗೆಳತಿಯರ ಒಳಗುಂಪು ಇದ್ದೇ ಇರುತ್ತದೆ, ಅವರು ನಾಟಕಕ್ಕೆ ಹೋಗುವುದು ಅವರ ಇಷ್ಟ. ಆದರೆ ವಾರ್ಷಿಕೋತ್ಸವದ ಖರ್ಚು, ಪದಾಧಿಕಾರಿಗಳ ಆಯ್ಕೆ ಅಲ್ಲೇ ತೀರ್ಮಾನವಾಗುತ್ತಿದ್ದರೆ ಅದು ಬೇರೆ ಮಾತು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿದ ಸಂಘಕ್ಕೆ ಬೈಲಾ ಇರುತ್ತದೆ, ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ನಡೆಯಬೇಕು. ಚಂದಾ ಕೊಟ್ಟ ಸದಸ್ಯೆ ಅಲ್ಲಿ ಎದ್ದುನಿಂತು ಲೆಕ್ಕ ಕೇಳುವುದರಲ್ಲಿ ತಪ್ಪೇನಿಲ್ಲ.

ಗಂಡನನ್ನೂ ಒಮ್ಮೆ ಕರೆಸಲಾಯಿತು. ಅವರು ಹೆಂಡತಿಯ ಮೇಲಿನ ಪ್ರೀತಿಯಿಂದಲೇ “ಹೋಗೂದ ಬ್ಯಾಡ ಬಿಡು” ಎನ್ನುತ್ತಿದ್ದರು. ಹೋಗದಿದ್ದ ದಿನ ಸಮಾಧಾನ ಸಿಗುತ್ತದೆ, ಆ ಸಮಾಧಾನವೇ ಮುಂದಿನ ಸಲ ಬಾಗಿಲು ದಾಟುವುದನ್ನು ಇನ್ನಷ್ಟು ಕಷ್ಟ ಮಾಡುತ್ತದೆ. “ಇವತ್ತು ಹೆಂಗಿದ್ರು ಅವರು?” ಎಂದು ಕೇಳುವ ಬದಲು “ಇವತ್ತು ಯಾರ ಜೋಡಿ ಮಾತಾಡಿದಿ?” ಎಂದು ಕೇಳಿ ಎಂದೆವು. ಮೊದಲನೆಯದಕ್ಕೆ ಉತ್ತರ ದೂರು, ಎರಡನೆಯದಕ್ಕೆ ಉತ್ತರ ಒಂದು ಹೆಸರು.

ಆರು ತಿಂಗಳ ಗಡುವನ್ನೂ ಹಾಕಿಕೊಂಡೆವು. ಅಷ್ಟರಲ್ಲಿ ಒಬ್ಬರಾದರೂ ತಾವಾಗಿ ಫೋನ್ ಮಾಡದಿದ್ದರೆ, ನೇರವಾಗಿ ಹೇಳಿದ ಮೇಲೂ ಅಣಕ ನಿಲ್ಲದಿದ್ದರೆ, ಪ್ರತಿ ಸಭೆಯ ಹಿಂದಿನ ರಾತ್ರಿ ನಿದ್ದೆ ಕೆಡುತ್ತಿದ್ದರೆ ಆ ಸಂಘ ಬಿಡಬಹುದು. ಹಾಗೆ ಬಿಡುವುದು ಸೋಲಲ್ಲ. ಈ ನಡುವೆ ಇನ್ನೊಂದು ಜಾಗವನ್ನೂ ಹುಡುಕಿಕೊಳ್ಳಲಿ ಎಂದು, ಬಡಾವಣೆಯ ಗ್ರಂಥಾಲಯಕ್ಕೆ ವಾರಕ್ಕೊಮ್ಮೆ ಹೋಗುವುದು ಸೇರಿಕೊಂಡಿತು.

ಐದನೇ ತಿಂಗಳ ಹೊತ್ತಿಗೆ ಶಾರದಾ ಹಾಜರಿ ಪುಸ್ತಕ ನೋಡಿಕೊಳ್ಳುತ್ತಿದ್ದರು. ಅಣಕಿಸುತ್ತಿದ್ದವರಲ್ಲಿ ಒಬ್ಬರು ನಿಲ್ಲಿಸಿದ್ದಾರೆ, ಇನ್ನೊಬ್ಬರು ಶಾರದಾ ಇದ್ದ ಕಡೆ ಬರುವುದನ್ನೇ ಬಿಟ್ಟಿದ್ದಾರೆ. ಒಳಗುಂಪಿಗೆ ಇನ್ನೂ ಕರೆ ಬಂದಿಲ್ಲ. ಅದೇ ದಾರಿಯಲ್ಲಿ ಮನೆಗೆ ಹೋಗುವ ಇಬ್ಬರೊಡನೆ ಮಂಗಳವಾರ, ಗುರುವಾರ ಸಂಜೆ ವಾಕಿಂಗ್ ನಡೆದಿದೆ. ಮಗನ ಪರೀಕ್ಷೆಯ ಚಿಂತೆಯನ್ನು ಮನೆಯಿಂದಾಚೆ ಮೊದಲು ಹೇಳಿಕೊಂಡದ್ದು ಅವರೊಡನೆಯೇ.