ಹನ್ನೊಂದು ಸಂಪುಟಕ್ಕೆ ಹೆದರಬೇಡಿ

(ತರೀಕೆರೆಯ ಓದುಗರೊಬ್ಬರ ಪತ್ರ: "ಬ್ಯಾಂಕ್ ಕೆಲಸದಿಂದ ನಿವೃತ್ತನಾಗಿದ್ದೇನೆ. ಕಾಲೇಜಿನಲ್ಲಿ ಓದಿದ ಚರಿತ್ರೆಯೆಂದರೆ ಬರೀ ಯುದ್ಧ, ಒಪ್ಪಂದ, ಇಸವಿ. ಜಗತ್ತಿನ ನಾಗರಿಕತೆಗಳ ಕಥೆಯನ್ನು ಮೊದಲಿಂದ ಹೇಳುವ, ನಿದ್ದೆ ಬರಿಸದ ಪುಸ್ತಕ ಯಾವುದಿದೆ? ಇಂಗ್ಲಿಷಾದರೂ ಸರಿ.")

ಮಾನ್ಯರೇ,

ಅಮೆರಿಕದ ಲೇಖಕ ವಿಲ್ ಡ್ಯುರಂಟ್ ಅವರ 'ದಿ ಸ್ಟೋರಿ ಆಫ್ ಸಿವಿಲೈಸೇಷನ್' ಹಿಡಿಯಿರಿ. ಐದು ಭಾಗಕ್ಕೆ ಮುಗಿಸುತ್ತೇನೆಂದು ಹೊರಟ ಮನುಷ್ಯ ಬರೆದದ್ದು ಹನ್ನೊಂದು ದಪ್ಪ ಸಂಪುಟ. ಮೊದಲನೆಯದು 1935ರಲ್ಲಿ ಬಂತು, ಕೊನೆಯದು 1975ರಲ್ಲಿ. ಆದರೂ ಕಥೆ ನೆಪೋಲಿಯನ್ ಕಾಲಕ್ಕೇ ನಿಂತಿತು! ಪತ್ನಿ ಏರಿಯಲ್ ಅವರ ಹೆಸರು ಸಹಲೇಖಕಿಯಾಗಿ ಮುಖಪುಟಕ್ಕೆ ಬಂದದ್ದು 1961ರ ಏಳನೆಯ ಸಂಪುಟದಿಂದ. ಬಹಳ ತಡವಾಯಿತು ಅನ್ನಿಸುತ್ತದೆ ನನಗೆ. ಹತ್ತನೆಯದಕ್ಕೆ 1968ರಲ್ಲಿ ಪುಲಿಟ್ಜರ್ ಬಹುಮಾನವೂ ಸಿಕ್ಕಿತು.

ಡ್ಯುರಂಟ್ ಅರಮನೆಯ ಬಾಗಿಲಲ್ಲೇ ನಿಂತುಬಿಡುವವರಲ್ಲ. ಹೊಲ, ಸಂತೆ, ಮದುವೆ, ದೇವರು, ವೈದ್ಯ, ಕಾವ್ಯ ಎಲ್ಲವನ್ನೂ ಒಂದೇ ಕಥೆಯೊಳಗೆ ತರುತ್ತಾರೆ. ಮೊದಲ ಸಂಪುಟದಲ್ಲಿ ಬರುವ, ಬ್ಯಾಬಿಲೋನಿನ ರಾಜ ಹಮ್ಮುರಬಿಯ ಕಾನೂನನ್ನೇ ನೋಡಿ. ಕಟ್ಟಿಕೊಟ್ಟ ಮನೆ ಕುಸಿದು ಮಾಲೀಕ ಸತ್ತರೆ ಕಟ್ಟಿದವನಿಗೆ ಮರಣದಂಡನೆ. ಮಾಲೀಕನ ಮಗ ಸತ್ತರೆ? ಕಟ್ಟಿದವನ ಮಗನಿಗೆ! ಇಂಥದ್ದೊಂದು ಓದಿದ ಮೇಲೆ ಆ ಊರಿನ ಇಸವಿ ತಾನಾಗಿಯೇ ನೆನಪಿನಲ್ಲಿ ಉಳಿಯುತ್ತದೆ. ಅದೇ ಮೊದಲ ಸಂಪುಟದಲ್ಲಿ ನಮ್ಮ ವಿಜಯನಗರವೂ ಇದೆ: ಕೃಷ್ಣದೇವರಾಯ, ರಾಜಧಾನಿಯ ವೈಭವ, ಕಾನೂನು, ಕಲೆ, ಕೊನೆಗೆ 1565ರ ಪತನ. ಡ್ಯುರಂಟ್ 1930ರಲ್ಲಿ ಭಾರತ ಸುತ್ತಿ, ಬ್ರಿಟಿಷ್ ಆಳ್ವಿಕೆಯ ಮೇಲೆ ಸಿಟ್ಟಿನಿಂದ ಒಂದು ಪುಸ್ತಕವನ್ನೇ ಬರೆದವರು.

ಹಾಗೆಂದು ಇದನ್ನೇ ಪ್ರಮಾಣ ಅಂದುಕೊಳ್ಳಬೇಡಿ. ಮೊದಲ ಸಂಪುಟ ಬಂದಾಗ ಸಿಂಧೂ ಕಣಿವೆಯ ಮೊಹೆಂಜೊದಾರೊ ಬೆಳಕಿಗೆ ಬಂದು ಇನ್ನೂ ಹತ್ತು ಹನ್ನೆರಡು ವರ್ಷವಾಗಿತ್ತಷ್ಟೆ. ಆಮೇಲೆ ನೆಲದಿಂದ ಎದ್ದ ಸಂಗತಿಗಳು ಎಷ್ಟೋ. ಎರಡನೆಯ ಸಂಪುಟದಿಂದ ಕಥೆ ಯುರೋಪಿಗೆ ಹೋಗಿ ಅಲ್ಲೇ ಠಿಕಾಣಿ ಹೂಡುತ್ತದೆ. ನಾಲ್ಕನೆಯದರಲ್ಲಿ ಇಸ್ಲಾಮೀ ನಾಗರಿಕತೆಗೆ ಒಳ್ಳೆಯ ಜಾಗ ಸಿಕ್ಕಿದೆ, ನಿಜ. ಆದರೆ ಈಜಿಪ್ಟಿನಾಚೆಯ ಆಫ್ರಿಕಾ, ಕೊಲಂಬಸ್‌ಗಿಂತ ಮುಂಚಿನ ಅಮೆರಿಕ ಇವಕ್ಕೆ ಬೇರೆ ಪುಸ್ತಕವನ್ನೇ ನೋಡಬೇಕು.

ಕ್ರಮವಾಗಿ ಓದುವ ಹಠ ಬೇಡ. ಗ್ರೀಸಿನ ಎರಡನೆಯದು ಅಥವಾ ರೋಮಿನ ಮೂರನೆಯದು, ಯಾವುದು ಕೈಗೆ ಸಿಕ್ಕಿದರೂ ಶುರುಮಾಡಿ. ತೀರಾ ಪಾಂಡಿತ್ಯದ ಭಾಗಗಳನ್ನು ಸಣ್ಣ ಅಕ್ಷರದಲ್ಲಿ ಅಚ್ಚುಹಾಕಿಸಿದ್ದಾರೆ. ಅವನ್ನು ಧಾರಾಳವಾಗಿ ದಾಟಿ ಹೋಗಿ. ಹನ್ನೊಂದನ್ನೂ ಒಟ್ಟಿಗೆ ಕೊಳ್ಳಲು ಮಾತ್ರ ಹೋಗಬೇಡಿ. ಗ್ರಂಥಾಲಯದಿಂದ ಒಂದನ್ನು ತಂದು ಓದಿ, ಹಿಡಿಸಿದರೆ ಹಳೆ ಪುಸ್ತಕದಂಗಡಿಯಲ್ಲಿ ಉಳಿದವನ್ನು ಹುಡುಕಿದರಾಯಿತು.

- ಸಂಪಾದಕ