ದಿನಸಿ 1,800 ಎಂದು ಬರೆದಿತ್ತು

ಶಾಂತಾ ಅವರು ಮೊದಲ ಸಲ ಆಪ್ತಸಲಹೆಗೆಂದು ನನ್ನ ಬಳಿ ಬಂದದ್ದು ನಿದ್ದೆ ಬರುತ್ತಿಲ್ಲ ಎಂದು. ಹೆಸರು ಬದಲಿಸಿದ್ದೇನೆ, ಗುರುತು ಹತ್ತುವಂಥ ವಿವರ ತೆಗೆದಿದ್ದೇನೆ, ಬರೆಯಲು ಅವರ ಒಪ್ಪಿಗೆ ಇದೆ. ವಯಸ್ಸು 29, ಅರಸೀಕೆರೆ ಕಡೆಯ ಹಳ್ಳಿಯವರು. ಹಾಸನದ ಒಂದು ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಕೆಲಸ. ಆರು ವರ್ಷದಿಂದ ಬಾಡಿಗೆ ರೂಮಿನಲ್ಲಿ ಒಬ್ಬರೇ ಇದ್ದಾರೆ. ಮದುವೆ ಮಾತು ಎರಡು ಸಲ ಬಂದು ನಿಂತುಹೋಗಿದೆ. ಅದನ್ನು ಅವರಾಗಿ ಹೇಳಿದಷ್ಟೇ, ನಾನು ಕೆದಕಲಿಲ್ಲ. ಕೆಲಸದಲ್ಲಿ ನಿಂತಲ್ಲೇ ಎರಡು ಸಲ ತಲೆಸುತ್ತು ಬಂದಿತ್ತು. ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 9.2. ಹೆಂಗಸರಿಗೆ ಕನಿಷ್ಠ 12 ಇರಬೇಕು. ವೈದ್ಯರು ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟು, "ಮನಸ್ಸಿಗೆ ಏನೋ ಹಚ್ಕೊಂಡಿದೀರ, ಯಾರ ಹತ್ರನಾದ್ರೂ ಮಾತಾಡಿ" ಎಂದಿದ್ದರಂತೆ.

ಅರ್ಧ ಗಂಟೆ ಮಾತಾದ ಮೇಲೆ ಗೊತ್ತಾಯಿತು, ರಾತ್ರಿ ಎರಡರವರೆಗೂ ಅವರು ಮಾಡುತ್ತಿದ್ದದ್ದು ಲೆಕ್ಕ. ಕಣ್ಣು ಮುಚ್ಚಿದರೆ ಅಂಕಿ. ಬಾಡಿಗೆ ಕೊಟ್ಟರೆ ಇಷ್ಟು ಉಳಿಯುತ್ತದೆ, ಚೀಟಿ ಕಟ್ಟಿದರೆ ಇಷ್ಟು, ಬಡ್ಡಿ ಕೊಟ್ಟರೆ ಇಷ್ಟು. ಎಷ್ಟು ಸಲ ಕೂಡಿದರೂ ದುಡ್ಡು ಸಾಲಬೇಕು, ಆದರೆ ತಿಂಗಳ 18ಕ್ಕೇ ಕೈ ಖಾಲಿ.

ಇಂಥವರಿಗೆ ನಾವು ಸಾಮಾನ್ಯವಾಗಿ ಕೊಡುವ ಮೊದಲ ಸಲಹೆ "ಖರ್ಚು ಬರೆದಿಡಿ" ಎಂಬುದು. ನಾನೂ ಅದನ್ನೇ ಹೇಳಹೊರಟಿದ್ದೆ. ಅಷ್ಟರಲ್ಲಿ ಅವರು ಚೀಲದಿಂದ ಒಂದು 100 ಪುಟದ ನೋಟ್‌ಬುಕ್ ತೆಗೆದು ಮುಂದಿಟ್ಟರು. ಸ್ಕೇಲಿಟ್ಟು ಎಳೆದ ಗೆರೆ, ಗುಂಡಗಿನ ಅಕ್ಷರ, ಪ್ರತಿ ತಿಂಗಳಿಗೂ ಒಂದು ಪುಟ. ಕೈಗೆ ಬರುವ ಸಂಬಳ 12,600. ಬಾಡಿಗೆ 2,800, ಊರಿಗೆ 3,500, ಚೀಟಿ 1,500, ಮೊಬೈಲ್ ಕಂತು 1,100, ದಿನಸಿ 1,800, ಕರೆಂಟು ಮತ್ತು ಗ್ಯಾಸಿಗೆ 450, ರೀಚಾರ್ಜ್ 250, ಬಡ್ಡಿ 400. ಒಟ್ಟು 11,800. ಕೆಳಗೆ ಎರಡು ಗೆರೆ ಎಳೆದು "ಉಳಿಕೆ 800".

ಮನೆ ಲೆಕ್ಕವನ್ನು ಇಷ್ಟು ಒಪ್ಪವಾಗಿ ಇಟ್ಟವರನ್ನು ನಾನು ಕಂಡಿದ್ದೇ ಕಡಿಮೆ. ಆದರೂ ಪುಟ ತಿರುಗಿಸುತ್ತಾ ಹೋದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಏಪ್ರಿಲ್, ಮೇ, ಜೂನ್ ಮೂರೂ ತಿಂಗಳು ದಿನಸಿ 1,800. ಒಂದು ರೂಪಾಯಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಯಾರ ಮನೆಯ ದಿನಸಿಯೂ ಹಾಗೆ ಬರುವುದಿಲ್ಲ. ಸಂಬಳದ ದಿನವೇ ಇಡೀ ಪುಟ ಬರೆದು ಮುಗಿಸುತ್ತಿದ್ದರು ಶಾಂತಾ. ಆಗಬೇಕಾದದ್ದನ್ನು ಬರೆಯುತ್ತಿದ್ದರು, ಆದದ್ದನ್ನಲ್ಲ.

ಫೋನಿನಲ್ಲಿ ಹಣ ಕಳಿಸಿದ ಪಟ್ಟಿ ಇರುತ್ತದಲ್ಲ, ಅದನ್ನು ತೆಗೆಯಲು ಹೇಳಿದೆ. ಮೊದಲು ಹಿಂಜರಿದರು. ಆಮೇಲೆ ಇಬ್ಬರೂ ಕೂತು ಮೂರು ತಿಂಗಳದ್ದನ್ನು ಒಂದೊಂದಾಗಿ ಒಂದು ಹಾಳೆಗೆ ಇಳಿಸಿದೆವು. ತಮ್ಮನಿಗೆ 500, ತಮ್ಮನಿಗೆ 300, ಮತ್ತೆ 500. ಪೆಟ್ರೋಲಿಗೆ, ಗೆಳೆಯನ ಹುಟ್ಟುಹಬ್ಬಕ್ಕೆ, ಬೈಕಿನ ಟೈರಿಗೆ. "ಅಕ್ಕ, ಅರ್ಜೆಂಟು, ನಾಳೆ ಕೊಡ್ತೀನಿ" ಎಂಬ ಮೆಸೇಜ್ ಪ್ರತಿ ಸಲವೂ ಕೆಲಸದ ಹೊತ್ತಿನಲ್ಲೇ ಬಂದಿದೆ. ಮಾತಾಡಲು ಪುರುಸೊತ್ತಿಲ್ಲದಾಗ ಹಾಕಿಬಿಡುವುದೇ ಸುಲಭ. ಮೂರು ತಿಂಗಳಿಗೆ 5,300. ಮದುವೆ ಸೀಸನ್ನಿನ ಮುಯ್ಯಿ 2,600. ಎರಡೂ ಸೇರಿ 7,900. ಪುಸ್ತಕದ ಪ್ರಕಾರ ಮೂರು ತಿಂಗಳಲ್ಲಿ ಉಳಿಯಬೇಕಿದ್ದದ್ದು 2,400. ಹಾಗಾದರೆ ಇನ್ನೂ 5,500 ಎಲ್ಲಿಂದ ಬಂತು?

"2,500 ಜೊತೆಯವರ ಹತ್ರ ಕೈಸಾಲ ಮಾಡಿದೀನಿ ಮೇಡಂ" ಎಂದರು. ಉಳಿದ 3,000? ಉತ್ತರ ಬರಲಿಲ್ಲ. ಅಂಗಡಿಯ ಬಾಬ್ತು, ತರಕಾರಿ, ಮೊಟ್ಟೆ ಎಲ್ಲ ಕೂಡಿದರೆ ದಿನಸಿಗೆ ನಿಜವಾಗಿ ಆಗಿದ್ದದ್ದು ತಿಂಗಳಿಗೆ 800 ರೂಪಾಯಿ ಆಸುಪಾಸು. ಅಂದರೆ ತಿಂಗಳಿಗೆ ಒಂದು ಸಾವಿರದ ಊಟವನ್ನು ಅವರು ಬಿಟ್ಟಿದ್ದರು. ಬೆಳಿಗ್ಗೆ ಟೀ, ಬನ್ನು. ಮಧ್ಯಾಹ್ನ ಅನ್ನ ಮತ್ತು ಉಪ್ಪಿನಕಾಯಿ. ರಾತ್ರಿ ಮತ್ತೆ ಟೀ. "ಒಬ್ಬಳಿಗೆ ಏನಂತ ಒಲೆ ಹಚ್ಚೋದು" ಎಂದು ತಮಗೆ ತಾವೇ ಹೇಳಿಕೊಂಡಿದ್ದರು. ಹಿಮೋಗ್ಲೋಬಿನ್ ಚೀಟಿಯನ್ನು ಆ ಹಾಳೆಯ ಪಕ್ಕದಲ್ಲಿಟ್ಟೆ. ಅವರು ತುಂಬ ಹೊತ್ತು ಅದನ್ನೇ ನೋಡುತ್ತಾ ಕೂತರು, ಆಮೇಲೆ ಅತ್ತರು.

ಆ ದಿನ ನಾನೊಂದು ತಪ್ಪು ಮಾಡಿದೆ. ತಮ್ಮನಿಗೆ ಇನ್ನು ಒಂದು ಪೈಸೆಯೂ ಹಾಕಬೇಡಿ ಎಂದುಬಿಟ್ಟೆ. ತಲೆಯಾಡಿಸಿ ಹೋದವರು ಮೂರು ವಾರ ಬರಲಿಲ್ಲ. ತಮ್ಮ ಕೇಳಿದಾಗ ಮತ್ತೆ 500 ಹಾಕಿದ್ದರು, ಅದನ್ನು ನನಗೆ ಹೇಳಲು ಮುಖವಿರಲಿಲ್ಲ. ಆರು ವರ್ಷ ಅಕ್ಕನಾಗಿ ಕೊಟ್ಟ ಕೈಯನ್ನು ನನ್ನ ಒಂದು ಮಾತಿಗೆ ಮಡಚಿಕೊಳ್ಳಿ ಎಂದರೆ ಆಗುವ ಕೆಲಸವಲ್ಲ. ಮತ್ತೆ ಬಂದಾಗ ಮೊದಲು ಅವರ ಕ್ಷಮೆ ಕೇಳಿದೆ. ಆಮೇಲೆ ಬೇರೆ ದಾರಿಯಲ್ಲಿ ಹೊರಟೆವು.

ಊಟದಿಂದ ಶುರು ಮಾಡಿದೆವು. ಸಂಬಳ ಬಂದ ದಿನ ಬಾಡಿಗೆಗಿಂತ ಮೊದಲು ತಿಂಗಳ ಅಕ್ಕಿ, ಬೇಳೆ, ಎಣ್ಣೆ, ಕಾಳು ತಂದು ಡಬ್ಬಕ್ಕೆ ಹಾಕಬೇಕು. ಡಬ್ಬದಲ್ಲಿರುವುದನ್ನು ಫೋನಿನಲ್ಲಿ ಯಾರಿಗೂ ಕಳಿಸಲು ಬರುವುದಿಲ್ಲ. ರಾಗಿ ಎಲ್ಲಿ ತಗೋತೀರಿ ಎಂದು ಕೇಳಿದೆ. ಅಂಗಡಿಯಲ್ಲಿ, ಒಂದೊಂದು ಕಿಲೋ ಹಿಟ್ಟು. ತೆಂಗಿನಕಾಯಿ? ಅದೂ ಅಂಗಡಿಯದೇ. ಅರಸೀಕೆರೆ ಸೀಮೆಯ ಹೆಣ್ಣುಮಗಳು, ಅಪ್ಪನಿಗೆ ತೋಟ ಇದೆ, ಹೊಲದಲ್ಲಿ ರಾಗಿ, ಹುರುಳಿ ಬೆಳೆಯುತ್ತಾರೆ, ಈಕೆ ಹಾಸನದಲ್ಲಿ ದುಡ್ಡು ಕೊಟ್ಟು ತೆಂಗಿನಕಾಯಿ ತರುತ್ತಾರೆ! ಯಾಕೆ ಎಂದರೆ, "ದುಡಿಯೋ ಮಗಳು ಅಂತ ಊರಿಗೆಲ್ಲ ಹೇಳ್ಕೊಂಡಿದಾರೆ ಮೇಡಂ. ನಾನು ಚೀಲ ಹೊತ್ಕೊಂಡು ಬಸ್ ಹತ್ತಿದ್ರೆ, ಹಾಸನದಲ್ಲಿ ಉಣ್ಣಕ್ಕೂ ಗತಿ ಇಲ್ವಾ ಅನ್ನಲ್ವಾ?"

ಈ ಮಾತಿನ ಮೇಲೆ ನಾವು ಒಂದು ಇಡೀ ಭೇಟಿ ಕಳೆದೆವು. ಅವರ ನಿದ್ದೆ ಕೆಟ್ಟದ್ದು ಇಲ್ಲೇ ಎಂದು ನನಗನ್ನಿಸುತ್ತದೆ. ಕೊಡುವವಳು ಎಂಬ ಹೆಸರು ಒಮ್ಮೆ ಬಂದ ಮೇಲೆ ತೆಗೆದುಕೊಳ್ಳುವುದು ಅವಮಾನದಂತೆ ಕಂಡಿತ್ತು. ಮನೆಯ ಬೆಳೆಯಲ್ಲಿ ಮಗಳಿಗೂ ಪಾಲಿದೆ ಎಂದು ನಾನು ಹೇಳಿದಾಗ ಅವರು ವಾದ ಮಾಡಲಿಲ್ಲ, ಒಪ್ಪಲೂ ಇಲ್ಲ.

ಮುಯ್ಯಿಯ ವಿಷಯ ಬೇಗ ಮುಗಿಯಿತು. ಒಂದೇ ಮದುವೆಗೆ ಅಮ್ಮ ಮನೆಯ ಹೆಸರಿನಲ್ಲಿ ಮುಯ್ಯಿ ಮಾಡುತ್ತಾರೆ, ಶಾಂತಾ ತಮ್ಮ ಹೆಸರಿನಲ್ಲಿ ಬೇರೆ ಬರೆಸುತ್ತಾರೆ. ನಮ್ಮ ಕಡೆ ಒಂದು ಒಲೆಗೆ ಒಂದೇ ಮುಯ್ಯಿ. ನೀವಿನ್ನೂ ಆ ಒಲೆಯವರೇ ಎಂದೆ. ಹೌದಲ್ವಾ ಎಂದು ಅವರೇ ನಕ್ಕರು. ತೀರಾ ಹತ್ತಿರದವರಿಗೆ ಮಾತ್ರ, ತಿಂಗಳಿಗೆ 300 ಮೀರದಂತೆ ಎಂದು ಗೊತ್ತು ಮಾಡಿಕೊಂಡರು.

ಸಾಲದ ಲೆಕ್ಕವೂ ಇತ್ತು. 8,000ಕ್ಕೆ 100ಕ್ಕೆ 5ರ ಬಡ್ಡಿ, ತಿಂಗಳಿಗೆ 400. ವರ್ಷಕ್ಕೆ ಬಡ್ಡಿಯೇ 4,800, ಅಸಲು ಅಲ್ಲೇ ಇರುತ್ತದೆ. ಕೈಸಾಲದ 2,500 ಬೇರೆ. ಕಿವಿಯ ಓಲೆ ಜೊತೆ ಒಂದು ಎಳೆ ಸರ ಇತ್ತು. ಅದನ್ನು ಬ್ಯಾಂಕಿನಲ್ಲಿಟ್ಟು 10,500 ತೆಗೆದರೆ ಬಡ್ಡಿ ತಿಂಗಳಿಗೆ 100ರ ಸುತ್ತಮುತ್ತ ಬರುತ್ತದೆ, ಎರಡೂ ಸಾಲ ತೀರುತ್ತದೆ. ಒಡವೆ ಇಡಿ ಎಂದು ನಾನು ಸುಲಭಕ್ಕೆ ಹೇಳುವುದಿಲ್ಲ. ಹೇಳಿದ್ದು ಒಂದು ಷರತ್ತಿನ ಮೇಲೆ: ಪ್ರತಿ ತಿಂಗಳು 1,000 ಅಲ್ಲಿಗೇ ಕಟ್ಟಬೇಕು, ದೀಪಾವಳಿ ಹೊತ್ತಿಗೆ ಬರುವ ಬೋನಸ್ ಪೂರ್ತಿ ಅಲ್ಲಿಗೇ ಹೋಗಬೇಕು. ಓಲೆ ಮಾತ್ರ ಇಡಲಾರೆ ಎಂದರು, ಸರ ಇಟ್ಟರು. ಈಗಿನ ಚೀಟಿ ಮುಗಿಯುವವರೆಗೆ ಕಟ್ಟಲಿ, ನೋಂದಣಿ ಇಲ್ಲದ ಇನ್ನೊಂದಕ್ಕೆ ಸೇರುವುದು ಬೇಡ ಎಂದೆ.

ಔಷಧಿಗೆ, ಪರೀಕ್ಷೆಗೆ ಖಾಸಗಿ ಕಡೆ 600 ಕೊಟ್ಟಿದ್ದರು. ಸಂಬಳದಿಂದ ಪ್ರತಿ ತಿಂಗಳು ಶೇಕಡಾ 0.75ರಷ್ಟು ನೌಕರರ ವಿಮೆಯಾದ ಇಎಸ್‌ಐಗೆ ಹೋಗುತ್ತಿದೆ, ಮಾಲೀಕರು ಶೇಕಡಾ 3.25ರಷ್ಟು ಕಟ್ಟುತ್ತಾರೆ, ಆ ಕಾರ್ಡನ್ನು ಆರು ವರ್ಷದಲ್ಲಿ ಒಮ್ಮೆಯೂ ಹೊರಗೆ ತೆಗೆದಿರಲಿಲ್ಲ. ಮುಂದಿನ ಪರೀಕ್ಷೆ, ಮಾತ್ರೆ ಎಲ್ಲ ಅಲ್ಲೇ ಎಂದು ಹೇಳಿದೆ. ಕಬ್ಬಿಣದ ಮಾತ್ರೆಯನ್ನು ಟೀ ಜೊತೆ ನುಂಗುತ್ತಿದ್ದರು, ಅದರಿಂದ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ಮಾತ್ರೆಗೂ ಊಟಕ್ಕೂ ಟೀಯಿಂದ ಒಂದು ಗಂಟೆ ಅಂತರ ಇರಲಿ ಎಂದೆ.

ಊರಿಗೆ ಫೋನ್ ಮಾಡುವುದೇ ಕಷ್ಟದ್ದಾಗಿತ್ತು. ಏನು ಹೇಳಬೇಕೆಂದು ಬರೆದುಕೊಂಡು ನನ್ನೆದುರಿಗೆ ಎರಡು ಸಲ ಓದಿದರು: "ಅಮ್ಮ, ಪ್ರತಿ ತಿಂಗಳು ಹತ್ತನೇ ತಾರೀಖು 3,000 ಹಾಕ್ತೀನಿ. ತಮ್ಮನಿಗೆ ಬೇಕಾದ್ರೆ ಅದರಲ್ಲೇ ನೀನು ಕೊಡು. ಬೇರೆ ನಂಗಾಗಲ್ಲ." 500 ಕಡಿಮೆ ಮಾಡಲು ಜೀವ ಹಿಂಡಿತು. ಅಮ್ಮನ ಖಾತೆಗೆ ಗೃಹಲಕ್ಷ್ಮಿಯ 2,000 ಬರುತ್ತದೆ, ಅಪ್ಪನಿಗೆ ತೋಟದ್ದು ಏನೋ ಒಂದು ಬರುತ್ತದೆ ಎಂದು ಲೆಕ್ಕ ಹಾಕಿ ನೋಡಿದ ಮೇಲೆ ಧೈರ್ಯ ಬಂತು. ಆ ರಾತ್ರಿ ಫೋನ್ ಮಾಡಿದರಂತೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನಿಗೆ ನೀನು ದುಡ್ಡು ಹಾಕ್ತಿದ್ದಿದ್ದೇ ನಂಗೊತ್ತಿಲ್ವಲ್ಲೇ" ಎಂದರಂತೆ.

ಸೆಪ್ಟೆಂಬರ್ ಕೊನೆಯ ಭಾನುವಾರ ಬಂದಾಗ ನೋಟ್‌ಬುಕ್ಕಿನಲ್ಲಿ ಪ್ರತಿ ಸಾಲಿಗೂ ಎರಡು ಅಂಕಣ ಇತ್ತು, ಅಂದುಕೊಂಡದ್ದು ಮತ್ತು ಆದದ್ದು. ದಿನಸಿ: 1,700, ಆದದ್ದು 1,640. ಬಾಡಿಗೆ, ಊರು, ಚೀಟಿ, ಕಂತು, ಒಡವೆ ಸಾಲ, ಕರೆಂಟು, ಗ್ಯಾಸು, ರೀಚಾರ್ಜ್ ಎಲ್ಲ ಕಳೆದು ಉಳಿದದ್ದು 860. ಅದರಲ್ಲಿ 500ನ್ನು ಅಂಚೆ ಕಚೇರಿಯ ಖಾತೆಗೆ ಹಾಕಿದ್ದರು. ಹುರುಳಿಕಟ್ಟಿನ ಸಾರು ಮಾಡಿ, ದಿನಾ ಕುದಿಸಿ ಮೂರು ದಿನ ಮುದ್ದೆಗೆ ಇಟ್ಟುಕೊಳ್ಳುತ್ತಾರೆ; ಫ್ರಿಡ್ಜ್ ಇಲ್ಲದ ರೂಮಿಗೆ ಅಮ್ಮನೇ ಹೇಳಿಕೊಟ್ಟ ಉಪಾಯ. ಹಿಮೋಗ್ಲೋಬಿನ್ 10.8. ನಿದ್ದೆ ಹನ್ನೊಂದಕ್ಕೆಲ್ಲ ಬರುತ್ತದೆ, ಸಂಬಳದ ಹಿಂದಿನ ಎರಡು ರಾತ್ರಿ ಬಿಟ್ಟು.

ತಮ್ಮ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ಅದು ಅವರನ್ನು ನೋಯಿಸುತ್ತಿದೆ, ಮುಂದಿನ ಭೇಟಿಗಳಲ್ಲಿ ಅದರ ಬಗ್ಗೆ ಕೂತು ಮಾತಾಡಬೇಕಿದೆ. ಹಿಂದಿನ ವಾರ ಊರಿಗೆ ಹೋದವರು ಹತ್ತು ಕಿಲೋ ರಾಗಿ, ನಾಲ್ಕು ತೆಂಗಿನಕಾಯಿ ತಂದಿದ್ದಾರೆ. ಬಸ್‌ಸ್ಟ್ಯಾಂಡಿನವರೆಗೆ ಚೀಲ ಹೊತ್ತವರು ಯಾರು ಎಂದು ಕೇಳಿದೆ. "ತಮ್ಮನೇ" ಎಂದರು.