ಅಜ್ಜಿಯ ಬೀರುವಿಗೆ ಗರಗಸ ಹಾಕಿಸಬೇಡಿ

ಪ್ರಶ್ನೆ: ತೀರ್ಥಹಳ್ಳಿಯ ತವರುಮನೆ ಮಾರಿದರು. ನನ್ನ ಪಾಲಿಗೆ ಅಜ್ಜಿಯ ಹಲಸಿನ ಮರದ ಬೀರು ಬಂದಿದೆ. ಎತ್ತರ 6.5 ಅಡಿ, ಅಗಲ 4 ಅಡಿ. ಬೆಂಗಳೂರಿನ ನಮ್ಮ ಫ್ಲ್ಯಾಟ್ ಇರುವುದು 3ನೇ ಮಹಡಿಯಲ್ಲಿ. ಲಿಫ್ಟಿನಲ್ಲಿ ಹಿಡಿಯಲ್ಲ, ಕೊಯ್ದು ಎರಡು ಮಾಡೋಣ ಅಂತಾರೆ ಬಡಗಿ. ನೈರುತ್ಯ ಮೂಲೆಯಲ್ಲೇ ಇಡಬೇಕು ಅಂತ ಅತ್ತೆ. ಅಲ್ಲಿ ದಕ್ಷಿಣದ ಗೋಡೆಯಾಚೆ ಬಚ್ಚಲಿದೆ. ಏನು ಮಾಡಲಿ?
– ಓದುಗರು, ಬೆಂಗಳೂರು

ಉತ್ತರ: ಕೊಯ್ಯಿಸಬೇಡಿ, ದಯವಿಟ್ಟು. ಹಳೇ ದೊಡ್ಡ ಬೀರುಗಳು ಎಷ್ಟೋ ಬಿಚ್ಚಿ ಜೋಡಿಸುವಂಥವೇ. ಒಳಮೂಲೆಗಳಿಗೆ ಟಾರ್ಚ್ ಬಿಟ್ಟು ನೋಡಿ. ಮೊಳೆಯ ಬದಲು ಮರದ ಬೆಣೆ ಕಂಡರೆ ಬಿಚ್ಚಲು ಬರುತ್ತದೆ. ಒಂದೊಂದು ಹಲಗೆಗೂ ಸೀಮೆಸುಣ್ಣದಲ್ಲಿ ನಂಬರ್ ಹಾಕಿಸಿ ತನ್ನಿ. ಬಿಚ್ಚಲು ಬಾರದಿದ್ದರೆ ಮೆಟ್ಟಿಲ ತಿರುವು ಅಳೆದು, ಬಾಗಿಲು ಕಳಚಿ ಹೊರಿಸಿ.

ತರುವ ಮೊದಲು ಕುಟ್ಟೆ ಹಿಡಿದಿದೆಯಾ ನೋಡಬೇಕು. ತೂತುಗಳಿದ್ದರೆ ಗಾಬರಿ ಬೇಡ, ಹಳೆಯವೂ ಇರಬಹುದು. ಕೆಳಗೆ ಕಪ್ಪು ಬಟ್ಟೆ ಹಾಸಿ 15 ದಿನ ಬಿಡಿ. ಹೊಸ ಪುಡಿ ಉದುರಿದ್ದರೆ ಹುಳ ಇನ್ನೂ ಬದುಕಿದೆ. ಔಷಧಿ ಹೊಡೆಸಿಯೇ ಮನೆಯೊಳಗೆ ತನ್ನಿ. ಚೇಗಿಗೆ, ಅಂದರೆ ಮರದ ನಡುವಿನ ಗಟ್ಟಿ ಭಾಗಕ್ಕೆ, ಹುಳ ಬೀಳುವುದು ಕಮ್ಮಿ. ಅಂಚಿನಲ್ಲಿ ಬಿಳಿ ಮರ ಉಳಿದ ಹಲಗೆಗಳನ್ನು ಜಾಸ್ತಿ ಗಮನಿಸಿ.

ಬಚ್ಚಲ ಗೋಡೆಗೆ ಮಾತ್ರ ಬೇಡವೇ ಬೇಡ. ಅಮ್ಮನ ಬೀರುವನ್ನು ನಾನು ಹಾಗೇ ಆನಿಸಿಟ್ಟಿದ್ದೆ. ಮುಂದಿನಿಂದ ನೋಡಿದರೆ ಚೆನ್ನಾಗೇ ಇತ್ತು. ಮಳೆಗಾಲ ಮುಗಿದ ಮೇಲೆ ಕೆಳಗಿನ ಹಲಗೆಯಿಂದ ಅವರ ಬದನೆಕಾಯಿ ಬಣ್ಣದ ರೇಷ್ಮೆ ಸೀರೆ ತೆಗೆದೆ. ಮಡಿಕೆಯುದ್ದಕ್ಕೂ ಬೂದಿ ಸವರಿದ ಹಾಗೆ ಬೂಷ್ಟು. ಒರೆಸಿದೆ, ಬಿಸಿಲಿಗೆ ಹಾಕಿದೆ. ಬೂಷ್ಟು ಹೋಯಿತು, ಕಲೆ ಹೋಗಲಿಲ್ಲ. ಅಮ್ಮ ಒಂದು ಮಾತೂ ಆಡಲಿಲ್ಲ. ಅದು ಇವತ್ತಿಗೂ ನನ್ನ ಮನಸ್ಸಿನಲ್ಲಿದೆ.

ನಿಮ್ಮ ಅತ್ತೆಯ ಮಾತೂ ಉಳಿಯಲಿ. ಮೂಲೆ ಅದೇ ಇರಲಿ, ಗೋಡೆ ಬದಲಿಸಿ. ಪಶ್ಚಿಮದ ಗೋಡೆಯ ಕಡೆ ಇಟ್ಟರೆ ಬಾಗಿಲು ಪೂರ್ವಕ್ಕೆ ತೆರೆಯುತ್ತದೆ. ವಾಸ್ತು ನೋಡುವವರೂ ಇದನ್ನು ಒಪ್ಪುತ್ತಾರೆ, ಅಲ್ವಾ? ಆದರೆ ಬೆಂಗಳೂರಿನ ಮುಂಗಾರು ಮಳೆ ಪಶ್ಚಿಮದ ಕಡೆಯಿಂದಲೇ ಹೊಡೆಯುವುದು. ಅದಕ್ಕೆ ಎರಡೂ ಗೋಡೆಗಳಿಂದ 4 ಬೆರಳು ಜಾಗ ಬಿಡಿ, ಹಿಂದೆ ಗಾಳಿಯಾಡಲಿ. ಬಾಗಿಲು ತೆರೆದು ನಿಂತುಕೊಳ್ಳಲು ಮುಂದೆ 3 ಅಡಿಯಾದರೂ ಬೇಕು.

ಇಟ್ಟ ಮೇಲೆ ಬಾಗಿಲು ತಾನಾಗಿ ತೆರೆದುಕೊಂಡರೆ ಬಿಜಾಗರಿ ಬದಲಿಸಲು ಹೋಗಬೇಡಿ. ನೆಲ ಸಮ ಇರುವುದಿಲ್ಲ, ಅಷ್ಟೇ. ಮುಂದಿನ ಕಾಲುಗಳಿಗೆ ತೆಳು ಮರದ ಚೂರು ಕೊಡಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಬೀರುವಿನ ಮೇಲ್ಭಾಗವನ್ನು ಕಬ್ಬಿಣದ ಪಟ್ಟಿಯಿಂದ ಗೋಡೆಗೆ ಬಿಗಿಸುವವರೆಗೆ ಆ ಕೋಣೆಗೆ ಅವರನ್ನು ಒಂಟಿಯಾಗಿ ಬಿಡಬೇಡಿ.